ಗವರ್ನರ್ ಸಾಹೇಬರು ನೀರು ಕುಡಿದ ಜಾಗಗಳು

ಅವರ ಫೋನು ಅಕ್ಕಿ ಡಬ್ಬದಲ್ಲಿರುತ್ತಿತ್ತು. ಮೊದಲ ಸಲ ಅವರ ಮನೆಗೆ ಹೋದಾಗ ನಾನೇ ಕಣ್ಣಾರೆ ನೋಡಿದೆ. ಬಾಗಿಲು ತೆಗೆದು ಒಳಗೆ ಕರೆದವರು ನೇರವಾಗಿ ಅಡುಗೆಮನೆಗೆ ಹೋಗಿ, ದೊಡ್ಡ ಸ್ಟೀಲ್ ಡಬ್ಬದ ಮುಚ್ಚಳ ತೆಗೆದು, ಫೋನಿಗೆ ನಮ್ಮ ಮಾತು ಕೇಳಿಸದ ಹಾಗೆ ಅದನ್ನು ಅಕ್ಕಿಯೊಳಗೆ ಹೂತು, ಮುಚ್ಚಳವನ್ನು ಅಂಗೈಯಿಂದ ಎರಡು ಸಲ ಒತ್ತಿ ಭದ್ರ ಮಾಡಿದರು. ಆಮೇಲೆ ಕೈಗಂಟಿದ ಅಕ್ಕಿಯ ಹುಡಿ ಕೊಡವಿಕೊಂಡು ಬಂದು ನನ್ನ ಎದುರು ಕೂತು, "ಈಗ ಹೇಳಮ್ಮ, ಏನ್ ಸಮಾಚಾರ?" ಎಂದರು. ನಾನು ಹೋಗಿದ್ದದ್ದು ಮೊಸರಿಗೆ ಒಂದು ಚಮಚ ಹೆಪ್ಪು ಕೇಳುವುದಕ್ಕೆ.

ಒಂದು ಕಾಲಕ್ಕೆ ಅವರು ನಮ್ಮ ದೇಶದ ಗುಡ್ಡಗಾಡಿನ ಒಂದು ಪುಟ್ಟ ರಾಜ್ಯದ ರಾಜ್ಯಪಾಲರು. ಹಳೇ ಮೈಸೂರಿನ ಕಡೆಯವರು. ಪಕ್ಷದ ಕಚೇರಿಯಲ್ಲಿ ಜಮಖಾನ ಹಾಸಿ, ಬ್ಯಾನರ್ ಕಟ್ಟಿ, ಸಭೆ ಮುಗಿದ ಮೇಲೆ ಕುರ್ಚಿ ಮಡಚಿಟ್ಟು ಮೇಲೆ ಬಂದವರು. ಎಂದೂ ಮಂತ್ರಿಯಾಗಲಿಲ್ಲ. ಕೊನೆಗೆ ಯಾರಿಗೋ ನೆನಪಾಗಿ ರಾಜಭವನಕ್ಕೆ ಕಳಿಸಿದರು. ಅವಧಿ ಮುಗಿದು, ಹೆಂಡತಿಯೂ ತೀರಿಕೊಂಡ ಮೇಲೆ ಈ ಪರದೇಶಕ್ಕೆ, ಪುಂಗೋಲಿನಲ್ಲಿ ನಮ್ಮದೇ ಬ್ಲಾಕಿನ ಹನ್ನೊಂದನೇ ಮಹಡಿಯಲ್ಲಿದ್ದ ಮಗಳ ಮನೆಗೆ ಬಂದಿದ್ದರು. ಬ್ಲಾಕಿನ ಕನ್ನಡದವರೆಲ್ಲ 'ಗವರ್ನರ್ ಸಾಹೇಬ್ರು' ಎನ್ನುತ್ತಿದ್ದರು. ನಾನು ಅಂಕಲ್ ಎನ್ನುತ್ತಿದ್ದೆ, ನನ್ನ ಮಗಳಿಗೆ ತಾತ. ಹೋದ ತಿಂಗಳು ತೀರಿಕೊಂಡರು.

ನಮ್ಮ ಕನ್ನಡ ಬಳಗದವರು ಈ ವರ್ಷದ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಿ ಎಂದು ಕೇಳಿದ್ದಾರೆ. ಬರೆಯುತ್ತಿದ್ದೇನೆ, ಆದರೆ ಹೆಸರು ಹಾಕುವುದಿಲ್ಲ. ಅದು ದೊಡ್ಡವರ ಮೇಲಿನ ಗೌರವ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ನಿಜವಾಗಿ ಅದು ಹೆದರಿಕೆ.

ನನ್ನ ಹೆದರಿಕೆಯ ಬಗ್ಗೆಯೂ ಸ್ವಲ್ಪ ಹೇಳಿಬಿಡಬೇಕು, ಇಲ್ಲದಿದ್ದರೆ ಅವರ ಕಥೆ ಅರ್ಥವಾಗುವುದಿಲ್ಲ. ನಾನು ಒಂದು ಬ್ಯಾಂಕಿನ ಕಂಪ್ಲಯನ್ಸ್ ವಿಭಾಗದಲ್ಲಿದ್ದೇನೆ. ಬೇರೆಯವರು ಬರೆದದ್ದನ್ನು ಓದಿ, ಮುಂದೆ ತೊಂದರೆ ತರಬಹುದಾದ ಸಾಲಿಗೆ ಹಳದಿ ಬಣ್ಣ ಬಳಿಯುವುದು ನನ್ನ ಕೆಲಸ. ಹಳದಿ ಬಳಿದ ಸಾಲು ಮಾರನೆಯ ದಿನ ಇರುವುದಿಲ್ಲ. ಅಂಕಲ್ ಪರಿಚಯವಾದ ವರ್ಷ ನಮ್ಮ ಆಫೀಸಿನಲ್ಲಿ ಸಾಲುಗಳ ಜೊತೆ ಮನುಷ್ಯರೂ ಕಾಣೆಯಾಗತೊಡಗಿದ್ದರು. ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಹದಿನೈದು ನಿಮಿಷದ ಒಂದು ಮೀಟಿಂಗ್ ಕಾಣಿಸಿಕೊಳ್ಳುತ್ತಿತ್ತು. ವಿಷಯ ಏನೂ ಬರೆದಿರುತ್ತಿರಲಿಲ್ಲ. ಆ ಮೀಟಿಂಗಿಗೆ ಹೋದವರು ತಮ್ಮ ಕುರ್ಚಿಗೆ ವಾಪಸು ಬರುತ್ತಿರಲಿಲ್ಲ, ಅವರ ಕಾಫಿ ಮಗ್ಗನ್ನು ಇನ್ಯಾರೋ ಬಂದು ಪೆಟ್ಟಿಗೆಗೆ ಹಾಕುತ್ತಿದ್ದರು. ನನ್ನ ಗಂಡನ ಕೆಲಸ ಹಾಗೇ ಹೋಗಿ, ಅವರೂ ಮಗಳೂ ನನ್ನ ಪಾಸಿನ, ಅಂದರೆ ಇಲ್ಲಿದ್ದು ಕೆಲಸ ಮಾಡಲು ಸರ್ಕಾರ ಕೊಡುವ ಪರವಾನಗಿಯ, ಆಸರೆಯಲ್ಲಿ ಇಲ್ಲಿ ಉಳಿದಿದ್ದರು. ಆ ಪಾಸು ನವೀಕರಣಕ್ಕೆ ಹೋಗಿತ್ತು, ಉತ್ತರ ಬಂದಿರಲಿಲ್ಲ. ಫೋನು ಟಿಂಗ್ ಎಂದರೆ ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ.

ಅಂಕಲ್ ಮತ್ತು ನಾನು ಹತ್ತಿರವಾದದ್ದು ಈ ಹೆದರಿಕೆಯ ದೆಸೆಯಿಂದ. ಸಂಜೆ ಆರರ ಹೊತ್ತಿಗೆ ನಾನೂ ಮಗಳೂ ನೀರಿನ ಕಾಲುವೆಯ ದಂಡೆಯಲ್ಲಿ ನಡೆಯಲು ಹೋಗುತ್ತಿದ್ದೆವು. ಬಿಳಿ ಅಂಗಿ, ಬಿಳಿ ಕ್ಯಾನ್ವಾಸ್ ಶೂ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ಅವರೂ ಬರುತ್ತಿದ್ದರು. ಏನಾದರೂ ಹೇಳುವ ಮುಂಚೆ ನಿಂತು ಒಮ್ಮೆ ಹಿಂತಿರುಗಿ ನೋಡುತ್ತಿದ್ದರು. ರಾಜಭವನದಲ್ಲಿ ಅವರ ಹಿಂದೆ ಮೂರು ಹೆಜ್ಜೆ ದೂರದಲ್ಲಿ ಸದಾ ಒಬ್ಬ ಅಧಿಕಾರಿ ಇರುತ್ತಿದ್ದನಂತೆ. ಆತ ಒಳ್ಳೆಯ ಹುಡುಗ, ಆದರೆ ಯಾರ ಹುಡುಗ ಎಂದು ಐದು ವರ್ಷವಾದರೂ ಗೊತ್ತಾಗಲಿಲ್ಲವಂತೆ. ಇಲ್ಲಿ ಹಿಂದೆ ಬರುತ್ತಿದ್ದದ್ದು ನಾಯಿ ಹಿಡಿದುಕೊಂಡ ಯಾವುದೋ ಚೀನೀ ಅಜ್ಜಿ. ಆದರೂ ಅವರು ದನಿ ತಗ್ಗಿಸುತ್ತಿದ್ದರು.

ನನ್ನ ಮಗಳು ಒಂದು ದಿನ ಇಲ್ಲಿನ ಶಾಲೆಯ ಮಾತಿನ ಧಾಟಿಯಲ್ಲಿ ಕೇಳಿಯೇಬಿಟ್ಟಳು. "ತಾತ, ನೀವು ಗವರ್ನರ್ ಆಗಿದ್ರಲ್ಲ, ಆಮೇಲೂ ಯಾಕೆ ಸ್ಕೇರ್ಡ್ ಲಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನಿಂತು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ. "ಗವರ್ನರ್ ಆದ್ಮೇಲೇ ಜಾಸ್ತಿ ಆಯ್ತು ಪುಟ್ಟಿ. ಜಮಖಾನ ಹಾಸ್ತಿದ್ದಾಗ ಏನು ಭಯ? ಜಮಖಾನ ಕಿತ್ಕೊಂಡ್ರೆ ನೆಲದ ಮೇಲೆ ಕೂರ್ತಿದ್ದೆ."

ಊಟದ ಬೆಲೆ ಕೇಳುವುದು ಅವರಿಗೊಂದು ಚಾಳಿ. ಅಗ್ಗದ ಊಟ ಸಿಗುವ ಹಾಕರ್ ಸೆಂಟರಿಗೆ ಹೋದರೆ ಅಂಗಡಿ ಅಂಗಡಿಯ ಮುಂದೆ ನಿಂತು, ಅನ್ನಕ್ಕೆಷ್ಟು, ನೂಡಲ್ಸಿಗೆಷ್ಟು, ಹೋದ ವರ್ಷ ಎಷ್ಟಿತ್ತು ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದರು. ತಿನ್ನುತ್ತಿದ್ದದ್ದು ಮಾತ್ರ ಎರಡು ಇಡ್ಲಿ. ಒಮ್ಮೆ ತಟ್ಟೆಗಳನ್ನು ಎತ್ತಿ ಮೇಜು ಒರೆಸುವ ವಯಸ್ಸಾದ ಹೆಂಗಸೊಬ್ಬಳು ಕಂಬದ ಮರೆಯಲ್ಲಿ ಕೂತು ಊಟ ಮಾಡುವುದನ್ನು ನೋಡಿ, ಇಡ್ಲಿ ತಿನ್ನುವುದನ್ನು ನಿಲ್ಲಿಸಿದರು. ಆಕೆ ಅನ್ನದ ಅರ್ಧ ಭಾಗವನ್ನು ಮೊದಲೇ ಡಬ್ಬಿಗೆ ತೆಗೆದಿಟ್ಟು ಉಳಿದರ್ಧ ತಿನ್ನುತ್ತಿದ್ದಳು.

"ನೋಡಮ್ಮ, ಒಂದೂರಿನ ರಾಜ ಹೆಂಗವ್ನೆ ಅಂತ ತಿಳ್ಕೋಬೇಕಾದ್ರೆ ಅರಮನೆ ನೋಡ್ಬಾರ್ದು. ಕಸ ಗುಡ್ಸೋರ ಮಧ್ಯಾಹ್ನದ ತಟ್ಟೆ ನೋಡ್ಬೇಕು" ಎಂದರು.

"ಅಂಕಲ್, ಮೆಲ್ಲಗೆ" ಎಂದೆ. ಅವರು ಹೇಳಿದ್ದು ಕನ್ನಡದಲ್ಲಿ. ಅಕ್ಕಪಕ್ಕದ ಮೇಜಿನವರಿಗೆ ಒಂದಕ್ಷರ ಅರ್ಥವಾಗುವ ಹಾಗಿರಲಿಲ್ಲ. ಆದರೂ ನನ್ನ ಕತ್ತು ತಾನಾಗಿಯೇ ಹಿಂದಕ್ಕೆ ತಿರುಗಿತು. ಅದನ್ನು ಅವರು ಗಮನಿಸಿದರು. "ನಿಂಗೂ ಅಂಟ್ಕೊಂಡ್ತಲ್ಲಮ್ಮ ನನ್ ರೋಗ" ಎಂದು ಉಳಿದ ಇಡ್ಲಿಯನ್ನು ಸುಮ್ಮನೆ ತಿಂದರು.

ಅವರು ಹೇಳಿದ ಕಥೆಗಳಲ್ಲಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟದ್ದು ನೀರಿನ ಕಥೆ. ಎಲ್ಲರಿಗೂ ಗೊತ್ತಿರುವ ಹಾಗೆ ವರ್ಷದ ಮೊದಲ ಅಧಿವೇಶನದಲ್ಲಿ ರಾಜ್ಯಪಾಲರು ಭಾಷಣ ಮಾಡಬೇಕು, ಆದರೆ ಅದು ಅವರ ಭಾಷಣವಲ್ಲ. ಮಂತ್ರಿಗಳು ಬರೆಸಿಕೊಟ್ಟದ್ದನ್ನು 'ನನ್ನ ಸರ್ಕಾರ ಅದು ಮಾಡಿದೆ, ನನ್ನ ಸರ್ಕಾರ ಇದು ಮಾಡಿದೆ' ಎಂದು ಓದಬೇಕು. ಒಂದು ಸಾಲು ಬಿಟ್ಟರೂ ರಾದ್ಧಾಂತ, ಒಂದು ಸಾಲು ಸೇರಿಸಿದರೂ ರಾದ್ಧಾಂತ. ಒಂದು ವರ್ಷ ಅಧಿವೇಶನದ ದಿನ ಬೆಳಿಗ್ಗೆ ರಾಜಭವನದ ಅಡುಗೆಯವನು ಸಾರಿಗೆ ಬೇಳೆ ಕಡಿಮೆ ಮಾಡಿ ಕುಂಬಳಕಾಯಿ ಹಾಕಿದ್ದನಂತೆ. ಯಾಕಪ್ಪ ಎಂದು ಕೇಳಿದರೆ, "ಸಾಹೇಬ್, ಇಲ್ಲಿಗೇನೂ ಕಮ್ಮಿ ಇಲ್ಲ. ಮನೇಲಿ ದಿನಾ ಹೀಗೇ ಮಾಡಿ ಮಾಡಿ ಕೈಗೆ ಅಭ್ಯಾಸ ಆಗ್ಬಿಟ್ಟಿದೆ" ಎಂದನಂತೆ. ಎರಡು ಗಂಟೆ ಕಳೆದು ಇವರು ಸದನದಲ್ಲಿ ನಿಂತು ಓದುತ್ತಿದ್ದಾರೆ: 'ಅಗತ್ಯ ವಸ್ತುಗಳ ಬೆಲೆಯನ್ನು ನನ್ನ ಸರ್ಕಾರ ಹತೋಟಿಯಲ್ಲಿಟ್ಟಿದೆ.'

"ಆ ಸಾಲು ಬಂತು ನೋಡಮ್ಮ, ಗಂಟ್ಲು ಕಟ್ಕೊಂಡ್ತು. ಬಿಡೋ ಹಂಗಿಲ್ಲ, ಓದೋಕಾಗ್ತಿಲ್ಲ. ಲೋಟ ಎತ್ಕೊಂಡು ನೀರ್ ಕುಡ್ದೆ. ನಿಧಾನಕ್ಕೆ ಕುಡ್ದೆ. ಇಡೀ ಸದನ ಕಾಯ್ತು. ಆಮೇಲೆ ಓದ್ದೆ." ಹಿಂದೆ ತಿರುಗಿ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನೂ ಸಣ್ಣ ದನಿಯಲ್ಲಿ ಹೇಳಿದರು. "ಐದ್ ವರ್ಷದಾಗೆ ನಾನ್ ಮಾಡಿದ್ ಪ್ರತಿಭಟನೆ ಅಂದ್ರೆ ಅದೊಂದೇ ಕಣಮ್ಮ. ನೀರ್ ಕುಡಿದಿದ್ದು. ಯಾರಿಗೂ ಗೊತ್ತಾಗ್ಲಿಲ್ಲ."

ಇದನ್ನು ಕೇಳಿ ನಾನು ನಕ್ಕೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂದೆ. ಅವರು ನಗಲಿಲ್ಲ.

ಆ ವರ್ಷ ಬಳಗದ ಕಾರ್ಯಕ್ರಮಗಳ ಹೊಣೆ ನನ್ನ ಮೇಲಿತ್ತು. ಅಂಕಲ್ ಅವರಿಂದ ಒಂದು ಭಾನುವಾರ ಭಾಷಣ ಮಾಡಿಸೋಣ ಎಂದು ಎಲ್ಲರೂ ಹಿಡಿದುಕೊಂಡರು. ಕಮ್ಯುನಿಟಿ ಕ್ಲಬ್ಬಿನ ಎರಡನೇ ಮಹಡಿಯ ಕೋಣೆ ಬುಕ್ ಮಾಡುವಾಗ ಅರ್ಜಿಯಲ್ಲಿ ಒಂದು ಚೌಕ ಇತ್ತು: ಕಾರ್ಯಕ್ರಮದಲ್ಲಿ ರಾಜಕೀಯ ಇರುವುದಿಲ್ಲ. ಅದಕ್ಕೆ ಟಿಕ್ ಹಾಕಿ, ಕೆಳಗೆ ನನ್ನ ಹೆಸರು, ಪಾಸಿನ ನಂಬರು ಬರೆದೆ. ಆ ನಂಬರನ್ನು ಮತ್ತೆ ಮತ್ತೆ ಓದಿ ನೋಡಿದೆ. ಭಾಷಣದ ವಿಷಯ ಎಂಬಲ್ಲಿ 'ನಾಯಕತ್ವ ಮತ್ತು ಜೀವನ' ಎಂದು ತುಂಬಿದೆ. ಹಾಗೆಂದರೆ ಏನೆಂದು ನನಗೇ ಗೊತ್ತಿರಲಿಲ್ಲ.

ಹೇಳಲು ಹೋದಾಗ ಅಂಕಲ್ ಫೋನನ್ನು ಅಕ್ಕಿಗೆ ಹಾಕಿ ಬಂದು ಕೂತರು. ವಿಷಯ ಕೇಳಿ ಮುಖ ಅರಳಿತು, ಮರುಕ್ಷಣವೇ ಬಾಡಿತು. "ನಾನೇ ಬರೀಬೋದಾ? ನನ್ ಮಾತೇ ಹೇಳ್ಬೋದಾ?" ಎಂದು ಎರಡು ಸಲ ಕೇಳಿದರು. ಬರೀರಿ ಅಂಕಲ್ ಎಂದೆ. ಆಮೇಲೆ ನನ್ನ ಬಾಯಿ ಸುಮ್ಮನಿರದೆ, "ಒಂದ್ಸಲ ನಂಗೆ ತೋರ್ಸಿಬಿಡಿ ಅಂಕಲ್, ಸುಮ್ನೆ ಚೆಕ್ ಮಾಡ್ತೀನಿ" ಎಂದೆ. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು. ಅವರು ತಲೆಯಾಡಿಸಿದರು.

ಹತ್ತು ದಿನ ಅವರು ನಡೆಯಲು ಬರಲಿಲ್ಲ. ಆಮೇಲೊಂದು ಮಧ್ಯಾಹ್ನ ಅವರ ಮಗಳು ಲಿಫ್ಟಿನಲ್ಲಿ ಸಿಕ್ಕಿ, "ಏನ್ ಮಾಡಿದ್ರಿ ನಮ್ಮಪ್ಪಂಗೆ? ಪೆನ್ ಹಿಡ್ಕೊಂಡು ಕೂತ್ರೆ ಊಟಕ್ಕೂ ಎದ್ದೇಳಲ್ಲ. ಅಮ್ಮ ಹೋದ್ಮೇಲೆ ಇಷ್ಟು ಖುಷಿಯಾಗಿ ನೋಡೇ ಇರ್ಲಿಲ್ಲ" ಎಂದರು.

ಒಟ್ಟು ಏಳು ಪುಟ. ದುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ಅವರ ಮನೆಯ ಊಟದ ಮೇಜಿನ ಹತ್ತಿರ ಕೂತು ಓದಿದೆ. ಎದುರಿಗೆ ಅವರು ಪರೀಕ್ಷೆ ಬರೆದ ಹುಡುಗನ ಹಾಗೆ ಎರಡೂ ಕೈ ಮೇಜಿನ ಮೇಲಿಟ್ಟು ಕೂತಿದ್ದರು. ಚೆನ್ನಾಗಿತ್ತು. ಈಗ ಹೇಳುತ್ತೇನೆ, ತುಂಬಾ ಚೆನ್ನಾಗಿತ್ತು. ಆದರೆ ಆ ಹೊತ್ತಿಗೆ ನನ್ನ ಕಣ್ಣು ಚೆನ್ನಾಗಿದ್ದದ್ದನ್ನು ನೋಡುತ್ತಿರಲಿಲ್ಲ. ಚೀಲದಿಂದ ಹಳದಿ ಪೆನ್ನು ತೆಗೆದೆ. ಒಂದು ಕಡೆ ಬಳಿದೆ, ಇನ್ನೊಂದು ಕಡೆ, ಮತ್ತೊಂದು ಕಡೆ. ಕೊನೆಯ ಪುಟದಲ್ಲಿ ಪಕ್ಷದ ಭವಿಷ್ಯದ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ಅಲ್ಲಿ ಒಂದು ಹೆಸರಿತ್ತು. ಈಗಲೂ ಕುರ್ಚಿಯಲ್ಲಿರುವವರ ಹೆಸರು. ಅದಕ್ಕೆ ಬಣ್ಣ ಬಳಿದು ಸಮಾಧಾನವಾಗದೆ, ಅಡ್ಡಗೆರೆಯನ್ನೂ ಎಳೆದೆ.

"ಅಂಕಲ್, ಇದು ಯಾರಾದ್ರೂ ವಿಡಿಯೋ ಮಾಡಿ ಊರಿಗೆ ಕಳಿಸಿದ್ರೆ? ಅಲ್ಲಿ ಗಲಾಟೆ ಆದ್ರೆ ಇಲ್ಲಿ ಕೇಳ್ತಾರೆ. ಫಾರ್ಮಲ್ಲಿ ನನ್ನ ಹೆಸರಿದೆ. ನನ್ನ ಪಾಸ್ ಇನ್ನೂ ಬಂದಿಲ್ಲ." ಕೊನೆಯ ಮಾತು ಹೇಳುವಾಗ ನನ್ನ ದನಿ ಒಡೆಯಿತು. ಅಳುವಷ್ಟು ಹೆದರಿದ್ದೇನೆಂದು ನನಗೆ ಆಗಲೇ ತಿಳಿದದ್ದು.

ಅವರು ಹಾಳೆಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಹಳದಿಯಾದ ಜಾಗಗಳನ್ನು ಒಂದೊಂದಾಗಿ ನೋಡಿದರು. ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. "ನಾಕೇ ಕಡೆ ಅಲ್ವೇನಮ್ಮ. ಇಷ್ಟಕ್ಕೆಲ್ಲ ಅಳ್ತಾರಾ? ನಂಗೆ ಅಭ್ಯಾಸ ಐತೆ" ಎಂದರು. ಹಾಳೆಗಳನ್ನು ಜೋಡಿಸಿ, ಮೇಜಿಗೆ ತಟ್ಟಿ ಅಂಚು ಸರಿಮಾಡಿದರು. ನನಗೆ ಹೆಪ್ಪು ಬೇಕಿತ್ತಾ ಎಂದೂ ಕೇಳಿದರು.

ಭಾನುವಾರ ಕೋಣೆ ತುಂಬಿತ್ತು. ದೂರದ ಜುರಾಂಗ್ ವೆಸ್ಟಿನಿಂದ, ಬುಕಿತ್ ಪಂಜಾಂಗಿನಿಂದಲೂ ಜನ ಬಂದಿದ್ದರು. ಹಿಂದಿನ ಮೇಜಿನ ಮೇಲೆ ಬಿಸಿಬೇಳೆಬಾತು, ಸ್ಟೀಲ್ ಪಾತ್ರೆಯ ಮುಚ್ಚಳದ ಸಂದಿಯಿಂದ ಹಬೆ. ನಾನು ವೇದಿಕೆಯ ಮೇಲೆ ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಅವರ ಮುಂದೆ ಒಂದು ಲೋಟ ನೀರು, ನನ್ನ ಕೈಯಳತೆಯಲ್ಲಿ ಜಗ್ಗು. ಎರಡನೇ ಸಾಲಿನಲ್ಲಿ ನೀಲಿ ಅಂಗಿಯ, ನಾನು ಎಂದೂ ನೋಡಿರದ ಒಬ್ಬಾತ ಫೋನು ಎತ್ತಿ ಹಿಡಿದು ರೆಕಾರ್ಡ್ ಮಾಡುತ್ತಿದ್ದ. ನನ್ನ ಕಣ್ಣು ಅವನ ಮೇಲೆಯೇ.

ಅವರು ನಿಂತು ಓದತೊಡಗಿದರು. ಮೊದಲ ಪುಟ ಸಲೀಸಾಗಿ ಹೋಯಿತು. ಎರಡನೇ ಪುಟದ ನಡುವೆ ನಿಂತರು. ಲೋಟ ಎತ್ತಿಕೊಂಡು ನೀರು ಕುಡಿದರು. ನಿಧಾನಕ್ಕೆ. ಲೋಟ ಇಟ್ಟು, ಮುಂದಿನ ಪ್ಯಾರಾದಿಂದ ಓದಿದರು. ವಯಸ್ಸಾದವರು, ಗಂಟಲು ಒಣಗಿರಬೇಕು ಅಂದುಕೊಂಡೆ. ನಾಲ್ಕನೇ ಪುಟದಲ್ಲಿ ಮತ್ತೆ ನಿಂತು ಮತ್ತೆ ನೀರು ಕುಡಿದಾಗ ನನಗೆ ಹೊಳೆಯಿತು. ಕಾಲುವೆಯ ದಂಡೆಯಲ್ಲಿ ಕೇಳಿ ನಕ್ಕಿದ್ದ ಕಥೆ ನನ್ನ ಮುಂದೆಯೇ ನಡೆಯುತ್ತಿತ್ತು. ಅವರು ಕುಡಿಯುತ್ತಿದ್ದದ್ದು ನಾನು ಹಳದಿ ಬಳಿದ ಜಾಗಗಳಲ್ಲಿ.

ಮೂರನೇ ಸಲ ಕುಡಿದಾಗ ಲೋಟ ಖಾಲಿಯಾಯಿತು. ಮುಂದಿನ ಸಾಲಿನ ಆಂಟಿಯೊಬ್ಬರು "ಪಾಪ, ಬಿಸಿನೀರು ಕೊಡಿ ಯಾರಾದ್ರೂ" ಎಂದು ಪಿಸುಗುಟ್ಟಿದರು. ಜಗ್ಗು ನನ್ನ ಕೈಯ ಹತ್ತಿರವೇ ಇತ್ತು. ನಾನು ಎತ್ತಲಿಲ್ಲ. ನೀಲಿ ಅಂಗಿಯವನ ಫೋನು ನನ್ನ ಕಡೆಗೆ ತಿರುಗಿದಂತಿತ್ತು. ನೀರು ಬಗ್ಗಿಸಿದರೆ ನಾನೂ ಆ ಸಾಲುಗಳಿಗೆ ಪಾಲುದಾರಳಾಗುತ್ತೇನೆ ಎಂಬ ಹುಚ್ಚು ಯೋಚನೆ ತಲೆಯೊಳಗೆ ಹೊಕ್ಕಿತ್ತು. ಬಗ್ಗಿಸಬೇಕಾಗಿದ್ದದ್ದು ಬರೀ ನೀರು.

ಏಳನೇ ಪುಟ ಬಂತು. ಅವರು ನಿಂತರು. ಖಾಲಿ ಲೋಟವನ್ನು ಎತ್ತಿ ತುಟಿಗೆ ಹಿಡಿದು, ತುಂಬಿದ ಲೋಟದ ಹಾಗೆಯೇ ನಿಧಾನಕ್ಕೆ ಕುಡಿದರು. ಗಂಟಲ ಗಂಟು ಮೇಲೆ ಕೆಳಗೆ ಆದದ್ದು ನನಗೆ ಕಾಣಿಸಿತು. ಲೋಟ ಇಟ್ಟು ನನ್ನ ಕಡೆ ನೋಡಿದರು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಸರಿಯಾಯ್ತೇನಮ್ಮ ಎಂದು ಕೇಳುವ ಹಾಗಿತ್ತು. ಆಮೇಲೆ ಎಲ್ಲರಿಗೂ ನಮಸ್ಕಾರ ಹೇಳಿ ಕೂತರು.

ಚಪ್ಪಾಳೆ ಮುಗಿಯುವಷ್ಟರಲ್ಲಿ ನೀಲಿ ಅಂಗಿಯವನು ಎದ್ದು ನಿಂತ. "ಸರ್, ಒಂದ್ ಪ್ರಶ್ನೆ. ನಿಮ್ಮ ಪಕ್ಷಕ್ಕೆ ಫ್ಯೂಚರ್ ಇದ್ಯಾ ಸರ್? ಓಪನ್ ಆಗಿ ಹೇಳಿ."

ಬಾತಿನ ಕಡೆ ಹೊರಟಿದ್ದವರು ಮತ್ತೆ ಕೂತರು. ಅಂಕಲ್ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಅವನನ್ನು ನೋಡಿದರು, ಆಮೇಲೆ ನನ್ನನ್ನು. "ಬಾತು ಆರೋಗ್ತದೆ ಕಣಪ್ಪ. ಮೊದ್ಲು ಎಲ್ಲ ಊಟ ಮಾಡ್ರಿ" ಎಂದರು. ಎಲ್ಲರೂ ನಕ್ಕು ಎದ್ದರು. ಅವರು ಮಾತ್ರ ಆ ದಿನ ಊಟ ಮಾಡಲಿಲ್ಲ. ನೀಲಿ ಅಂಗಿಯವನು ಆಮೇಲೆ ನನ್ನ ಹತ್ತಿರ ಬಂದು, ಊರಿನಲ್ಲಿರುವ ತನ್ನ ತಂದೆಗೆ ಇವರೆಂದರೆ ಪ್ರಾಣ, ಅವರಿಗೆ ತೋರಿಸಲು ವಿಡಿಯೋ ಮಾಡಿಕೊಂಡೆ ಎಂದ.

ಹದಿನೆಂಟು ದಿನ ಕಳೆದ ಮೇಲೆ ನನ್ನ ಪಾಸು ಬಂತು. ಕೇಸರಿಬಾತು ಮಾಡಿ ಹನ್ನೊಂದನೇ ಮಹಡಿಗೆ ತೆಗೆದುಕೊಂಡು ಹೋದೆ. "ಒಳ್ಳೇದಾಯ್ತು ಕಣಮ್ಮ, ಇನ್ನು ನೆಮ್ಮದಿಯಾಗಿ ನಿದ್ದೆ ಮಾಡು" ಎಂದರು. ಭಾಷಣದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮತ್ತೆ ಸಂಜೆ ನಡೆಯಲು ಹೋಗುತ್ತಿದ್ದೆವು, ಬೆಲೆಗಳ ಬಗ್ಗೆ ಮಾತಾಡುತ್ತಿದ್ದೆವು. ಆದರೆ ಅವರು ಮಾತಿಗೆ ಮುಂಚೆ ಹಿಂತಿರುಗಿ ನೋಡುವುದನ್ನು ಬಿಟ್ಟಿದ್ದರು. ಹಿಂದೆ ನೋಡುವ ಬದಲು ನನ್ನ ಮುಖ ನೋಡಿ, ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ಇದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅವರು ತೀರಿಕೊಂಡ ಹದಿಮೂರನೇ ದಿನ ಅವರ ಮಗಳು ಒಂದು ಪ್ಲಾಸ್ಟಿಕ್ ಕವರು ತಂದುಕೊಟ್ಟರು. ಅಕ್ಕಿ ಡಬ್ಬ ಖಾಲಿ ಮಾಡುವಾಗ ತಳದಲ್ಲಿ ಸಿಕ್ಕಿತಂತೆ, ಮೇಲೆ ನನ್ನ ಹೆಸರಿತ್ತಂತೆ. ಒಳಗೆ ಏಳು ಪುಟ. ಹಳದಿ ಬಣ್ಣವಿಲ್ಲ, ಅಡ್ಡಗೆರೆಯಿಲ್ಲ. ಪೂರ್ತಿ ಭಾಷಣವನ್ನು ಅದೇ ದುಂಡಗಿನ ಅಕ್ಷರದಲ್ಲಿ ಹೊಸದಾಗಿ ಬರೆದಿಟ್ಟಿದ್ದರು.

ಸಂಚಿಕೆಯವರು ಫೋನು ಮಾಡಿ, "ಮೇಡಂ, ಸ್ವಲ್ಪ ನೋಡ್ಕೊಂಡು ಬರೀರಿ" ಎಂದಿದ್ದಾರೆ. ಎಷ್ಟು ನೋಡಿಕೊಂಡು ಬರೆಯಬೇಕೆಂದು ನನಗೆ ಚೆನ್ನಾಗಿ ಗೊತ್ತು. ಪಾಸು ಮತ್ತೆ ನವೀಕರಣಕ್ಕೆ ಹೋಗಿದೆ. ಆದರೂ ಈ ಸಲ ಅವರು ನೀರು ಕುಡಿದ ಜಾಗಗಳನ್ನು ತುಂಬಿಬಿಡುತ್ತೇನೆ ಎಂದು ನಿಶ್ಚಯ ಮಾಡಿ ಕೂತಿದ್ದೇನೆ.

ಎರಡನೇ ಪುಟ: 'ನಾಯಕ ಎಂದರೆ ಧೈರ್ಯವಂತ ಎಂದು ನಮಗೆ ಹೇಳಿಕೊಟ್ಟರು. ನಾನು ಹತ್ತಿರದಿಂದ ಕಂಡ ನಾಯಕರೆಲ್ಲ ಹೆದರಿದವರೇ. ಕೆಲವರು ಹೆದರಿಕೆಯನ್ನು ತಮ್ಮ ಹತ್ತಿರ ಇಟ್ಟುಕೊಂಡರು. ಉಳಿದವರು ಊರಿಗೆಲ್ಲ ಹಂಚಿದರು. ಹಂಚಿದವರೇ ಕುರ್ಚಿಯಲ್ಲಿ ಹೆಚ್ಚು ದಿನ ಕೂತರು.'

ನಾಲ್ಕನೇ ಪುಟ: 'ಬೆಲೆ ಹತೋಟಿಯಲ್ಲಿದೆ ಎಂದು ನಾನು ಸದನದಲ್ಲಿ ನಿಂತು ಓದಿದೆ. ಅದು ಸುಳ್ಳೆಂದು ನನ್ನ ಅಡುಗೆಯವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಓದಿದ್ದಕ್ಕೆ ಅವನ ಕ್ಷಮೆ ಕೇಳುತ್ತೇನೆ.'

ಐದನೇ ಪುಟ: 'ಬೇಳೆ ದುಬಾರಿಯಾದರೆ ಕುಂಬಳಕಾಯಿ ಹಾಕಿ ಹೊಟ್ಟೆ ತುಂಬಿಸಿಕೊಳ್ಳಬಹುದು. ಮಾತು ದುಬಾರಿಯಾದರೆ ಅದರ ಬದಲು ಏನು ಹಾಕುವುದು? ಇಲ್ಲಿ ಕೂತಿರುವ ನೀವು ಸಂಬಳದವರು, ಅನ್ನಕ್ಕೆ ಕೊರತೆಯಿಲ್ಲದವರು. ನಿಮಗೂ ಅದನ್ನು ಕೊಳ್ಳುವ ಶಕ್ತಿ ಇಲ್ಲ.'

ಏಳನೇ ಪುಟ: 'ನಮ್ಮ ಪಕ್ಷಕ್ಕೆ ಮುಂದೆ ದಿನಗಳಿವೆಯೇ ಎಂದು ಎಲ್ಲರೂ ಕೇಳುತ್ತಾರೆ. ಇವೆ. ಆದರೆ ಅದಕ್ಕೆ ಮೊದಲು ಯಾರಾದರೂ ಒಬ್ಬರು ಎದ್ದು ನಿಂತು ಒಂದು ಮಾತು ಹೇಳಬೇಕು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇಲ್ಲದಿದ್ದರೆ, ಕಳೆದುಕೊಳ್ಳಲು ಏನೂ ಉಳಿಯದ ಮುದುಕ ನಾನು, ನಾನೇ ಹೇಳುತ್ತೇನೆ.'

ಇದರ ಮುಂದಿರುವುದು ಒಂದೇ ಸಾಲು. ಹೆಸರಿದೆ. ಹಾಳೆ ನನ್ನ ಎಡಗೈಯ ಪಕ್ಕದಲ್ಲೇ ಇದೆ, ಅಕ್ಷರಗಳು ದುಂಡಗೆ, ಸ್ಪಷ್ಟವಾಗಿ ಕಾಣಿಸುತ್ತಿವೆ. ಕೋಣೆಯಲ್ಲಿ ನಾನೊಬ್ಬಳೇ. ಆದರೂ ಒಮ್ಮೆ ಹಿಂತಿರುಗಿ ನೋಡಿದೆ.

ಮೇಜಿನ ಮೇಲೆ ಒಂದು ಲೋಟ ನೀರು ಇಟ್ಟುಕೊಂಡಿದ್ದೇನೆ. ಎತ್ತಿಕೊಳ್ಳುತ್ತಿದ್ದೇನೆ, ಅಂಕಲ್. ಕ್ಷಮಿಸಿ.